ಒಂದೇ ಮೇಜಿನ ಸುತ್ತ ಕೂತರೆ ಸಾಕೇ?

ಓದುಗರ ಪ್ರಶ್ನೆ: "ಮುಚ್ಚಿಹೋದ ಹಳೆಯ ನೂಲಿನ ಗಿರಣಿಯ ಎರಡು ಶೆಡ್‌ಗಳಲ್ಲಿ ನಾವು 30 ಜನ ಕಲಾವಿದರು 8 ವರ್ಷದಿಂದ ಕೆಲಸ ಮಾಡುತ್ತಿದ್ದೇವೆ. ನಾಟಕದ ತಾಲೀಮು, ಮುದ್ರಣ, ಮರಗೆಲಸ, ಸಣ್ಣ ರೆಕಾರ್ಡಿಂಗ್ ಸ್ಟುಡಿಯೊ ಎಲ್ಲ ಇಲ್ಲೇ. ಕಳೆದ ವರ್ಷ ನಗರಾಡಳಿತ 'ಸುಸ್ಥಿರ ಸೃಜನಶೀಲ ನಗರ' ಅಂತ ಒಂದು ಸಮಿತಿ ಮಾಡಿತು. ಅದರಲ್ಲಿ ಅಧಿಕಾರಿಗಳು, ವಿಶ್ವವಿದ್ಯಾಲಯದವರು, ಉದ್ದಿಮೆದಾರರ ಸಂಘ, ಗಿರಣಿಯ ಜಾಗ ಕೊಂಡಿರುವ ಬಿಲ್ಡರ್ ಇದ್ದಾರೆ. ಕಲಾವಿದರ ಪರವಾಗಿ ನಾನಿದ್ದೇನೆ. 14 ತಿಂಗಳಲ್ಲಿ 6 ಸಭೆ ಆಯಿತು, ಒಂದು ಲಾಂಛನ ಬಂತು. ಈಗ ಒಡಂಬಡಿಕೆ ಪತ್ರಕ್ಕೆ ಸಹಿ ಹಾಕಿ ಅನ್ನುತ್ತಿದ್ದಾರೆ. ಅದರ ಪ್ರಕಾರ 3 ವರ್ಷ ನಮಗೆ ಬಾಡಿಗೆ ಇಲ್ಲ, ಆಮೇಲೆ 'ಪರಸ್ಪರ ಒಪ್ಪಿಗೆಯಂತೆ'. ಯುನೆಸ್ಕೊ ಮಾನ್ಯತೆ ಸಿಕ್ಕರೆ ಹಣ ತಾನಾಗಿ ಬರುತ್ತದೆ ಅಂತಲೂ ಹೇಳುತ್ತಿದ್ದಾರೆ. ಸಹಿ ಹಾಕದಿದ್ದರೆ ಅಭಿವೃದ್ಧಿಗೆ ಅಡ್ಡ ನಿಂತವರು ಅನ್ನಿಸಿಕೊಳ್ಳುತ್ತೇವೆ. ಹಾಕಿದರೆ 3 ವರ್ಷಕ್ಕೆ ಬೀದಿಗೆ ಬರುತ್ತೇವೇನೋ. ಈ ಸಹಯೋಗ ಅನ್ನೋದು ನಿಜಕ್ಕೂ ನಡೆಯುತ್ತದಾ, ಅಥವಾ ಬರೀ ಫೋಟೊಗಾ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಹಲವು ಇದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ ಅನಿಸುತ್ತದೆ. ಎಲ್ಲರೂ "ಜೊತೆಗಿದ್ದೇವೆ" ಅನ್ನುತ್ತಾರೆ, ಆದರೆ ಏನಾದರೂ ಬಿಟ್ಟುಕೊಡಬೇಕಾಗಿ ಬಂದಾಗ ಬಿಡುವವರು ನೀವು ಮಾತ್ರವಾ ಅನ್ನೋ ಭಯ. ಈ ಭಯಕ್ಕೆ ಆಧಾರ ಇದೆ. ಹಾಗಂತ ಸಮಿತಿಯಿಂದ ಎದ್ದು ಬನ್ನಿ ಅಂತ ನಾನು ಹೇಳುವುದಿಲ್ಲ. ಒಡಂಬಡಿಕೆ ಪತ್ರಕ್ಕೆ ಅದು ಈಗ ಇರುವ ಹಾಗೆ ಸಹಿ ಹಾಕಬೇಡಿ ಅಂತ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಯುನೆಸ್ಕೊ ವಿಷಯವನ್ನು ಮೊದಲು ಮುಗಿಸೋಣ, ಅದು ಸುಲಭ. ಸೃಜನಶೀಲ ನಗರಗಳ ಜಾಲವನ್ನು ಯುನೆಸ್ಕೊ 2004ರಲ್ಲಿ ಶುರು ಮಾಡಿತು. ಕರಕುಶಲ ಮತ್ತು ಜಾನಪದ ಕಲೆ, ವಿನ್ಯಾಸ, ಸಿನಿಮಾ, ಅಡುಗೆ, ಸಾಹಿತ್ಯ, ಸಂಗೀತ, ಮಾಧ್ಯಮ ಕಲೆ ಅಂತ 7 ಕ್ಷೇತ್ರಗಳಿದ್ದವು, 2025ರಲ್ಲಿ ವಾಸ್ತುಶಿಲ್ಪವೂ ಸೇರಿತು. ಆದರೆ ಈ ಮಾನ್ಯತೆಯ ಜೊತೆ ಹಣ ಬರುವುದಿಲ್ಲ. ನಗರವೇ ತನ್ನ ಜೇಬಿನಿಂದ ಖರ್ಚು ಮಾಡಬೇಕು, 4 ವರ್ಷಕ್ಕೊಮ್ಮೆ ಏನು ಮಾಡಿದೆವು ಅಂತ ವರದಿ ಕೊಡಬೇಕು. ಹೆಸರು ಬರುತ್ತದೆ, ಬೇರೆ ನಗರಗಳ ಜೊತೆ ಸಂಪರ್ಕ ಬರುತ್ತದೆ, ಅದನ್ನು ತೋರಿಸಿ ಬೇರೆ ಕಡೆ ಹಣ ಕೇಳಬಹುದು. ಅಷ್ಟೇ. "ಮಾನ್ಯತೆ ಬಂದ ಮೇಲೆ ಎಲ್ಲ ಸರಿಹೋಗುತ್ತದೆ" ಅಂತ ಯಾರಾದರೂ ಹೇಳಿದರೆ, ಸರಿಹೋಗಬೇಕಾದದ್ದನ್ನು ಅಲ್ಲಿಯವರೆಗೆ ಮುಂದೂಡುತ್ತಿದ್ದಾರೆ ಅಂತ ತಿಳಿಯಿರಿ.

ಎರಡನೆಯ ತಪ್ಪು ನಂಬಿಕೆ ಇನ್ನೂ ದೊಡ್ಡದು. ನಿಮ್ಮ ಸಭೆಯಲ್ಲೂ ಯಾರೋ ಬಿಲ್ಬಾವೊ ಹೆಸರು ತೆಗೆದಿರುತ್ತಾರೆ, ಅಲ್ವಾ? ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ತೆರೆಯಿತು, ಸತ್ತುಹೋಗಿದ್ದ ಕೈಗಾರಿಕಾ ನಗರ ಎದ್ದು ನಿಂತಿತು ಅಂತ ಕತೆ. ಒಂದು ಅದ್ಭುತ ಕಟ್ಟಡ ಕಟ್ಟಿ, ಊರು ಬದಲಾಗುತ್ತದೆ ಅಂತ ಎಷ್ಟೋ ನಗರಗಳು ಇದನ್ನು ನಂಬಿ ಹಣ ಸುರಿದಿವೆ. ಆದರೆ ಕೆಲಸ ಶುರುವಾಗಿದ್ದು ಮ್ಯೂಸಿಯಂಗಿಂತ ಬಹಳ ಮೊದಲು. 1983ರಲ್ಲಿ ಆ ಊರಿಗೆ ಭೀಕರ ನೆರೆ ಬಂದಿತ್ತು. ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳು ಮುಚ್ಚುತ್ತಿದ್ದವು. ಕೊಳೆತುಹೋಗಿದ್ದ ನೆರ್ವಿಯೊನ್ ನದಿಯನ್ನು ಶುದ್ಧ ಮಾಡುವ ಕೆಲಸ 80ರ ದಶಕದಲ್ಲೇ ಆರಂಭವಾಯಿತು, ಮೆಟ್ರೊ 1995ಕ್ಕೆ ಓಡಿತು.

ಇವುಗಳಿಗಿಂತ ನಿಮಗೆ ಮುಖ್ಯವಾದದ್ದು ಇನ್ನೊಂದಿದೆ. 1992ರಲ್ಲಿ ಅಲ್ಲಿ ಬಿಲ್ಬಾವೊ ರಿಯಾ 2000 ಅನ್ನೋ ಕಂಪನಿ ಹುಟ್ಟಿತು. ಅದರ ಅರ್ಧ ಪಾಲು ಕೇಂದ್ರ ಸರ್ಕಾರದ ಕಡೆಯದು, ಇನ್ನರ್ಧ ಬಾಸ್ಕ್ ಪ್ರಾಂತ್ಯದ ಆಡಳಿತಗಳದು. ನದಿ ದಡದ ಬೆಲೆಬಾಳುವ ಜಾಗ ಬಂದರು ಇಲಾಖೆ, ರೈಲ್ವೆ ಹೀಗೆ ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿತ್ತು. ಅವರು ಜಾಗ ಬಿಟ್ಟುಕೊಟ್ಟರು. ನಗರಸಭೆ ಆ ಜಾಗದ ಬಳಕೆಯ ನಿಯಮ ಬದಲಿಸಿತು. ಒಂದಷ್ಟು ಭಾಗ ಮಾರಿ ಬಂದ ಹಣವನ್ನು ಮತ್ತೆ ಅದೇ ಊರಿನ ರೈಲು ಮಾರ್ಗ, ಪಾರ್ಕು, ಬಡ ಬಡಾವಣೆಗಳಿಗೆ ಹಾಕಿದರು. ಒಂದಕ್ಕೊಂದು ಮಾತಾಡದ ಸಂಸ್ಥೆಗಳು ತಮ್ಮ ತಮ್ಮ ಜಾಗವನ್ನು ಒಂದೇ ಬುಟ್ಟಿಗೆ ಹಾಕಿದವು. ಪ್ರವಾಸಿಗರ ಫೋಟೊದಲ್ಲಿ ಬರುವುದು ಟೈಟೇನಿಯಂ ಹೊದಿಕೆಯ ಕಟ್ಟಡ. ಅದರ ಹಿಂದೆ ಇರುವುದು ಈ ಜಾಗದ ಲೆಕ್ಕ.

ಹಾಗಾಗಿ ನಿಮ್ಮ "ಸಹಯೋಗ ನಿಜವಾ, ಫೋಟೊಗಾ" ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಯಾರು ಏನು ಬಿಟ್ಟುಕೊಡುತ್ತಿದ್ದಾರೆ? ಜಾಗ, ಹಣ, ಸಿಬ್ಬಂದಿಯ ಸಮಯ, ನಿರ್ಧಾರ ಮಾಡುವ ಅಧಿಕಾರ, ಈ ನಾಲ್ಕರಲ್ಲಿ ಒಂದಾದರೂ ಪ್ರತಿಯೊಬ್ಬರಿಂದ ಬರಬೇಕು, ಬರಹದಲ್ಲಿ ಬರಬೇಕು. ನಿಮ್ಮ ಒಡಂಬಡಿಕೆಯಲ್ಲಿ ನೀವು ನಿಮ್ಮ 8 ವರ್ಷದ ಹೆಸರನ್ನು, ಜನರ ಬರುವಿಕೆಯನ್ನು, ಗಿರಣಿಗೆ ಮತ್ತೆ ಬಂದಿರುವ ಜೀವವನ್ನು ಕೊಡುತ್ತಿದ್ದೀರಿ. ಬಿಲ್ಡರ್ ಬಿಟ್ಟುಕೊಡುತ್ತಿರುವುದು 3 ವರ್ಷದ ಬಾಡಿಗೆ. ಆ ಕಟ್ಟಡಕ್ಕೆ ಇನ್ನೂ ನಕ್ಷೆ ಮಂಜೂರಾಗಬೇಕು, ಸಾಲ ಹುಟ್ಟಬೇಕು ಅಂತಾದರೆ ಆ 3 ವರ್ಷ ಅದು ಹೇಗೂ ಖಾಲಿ ಬೀಳುವ ಜಾಗವೇ. ಉಳಿದ ಮೂವರು ಏನು ಕೊಡುತ್ತಿದ್ದಾರೆ? ನಿಮ್ಮ ಪತ್ರದಲ್ಲಿ ಅದು ಇಲ್ಲ. ಬಹುಶಃ ಒಡಂಬಡಿಕೆಯಲ್ಲೂ ಇಲ್ಲ.

ಒಂದು ಅನುಭವ ಹೇಳುತ್ತೇನೆ. ಇಂಥದ್ದೇ ಒಂದು ಸಮಿತಿಯಲ್ಲಿ ಮಾತುಕತೆ ನಡೆಸಿಕೊಡುವ ಕೆಲಸ ನನಗೆ ಬಂದಿತ್ತು. ನಡಾವಳಿ ಪುಸ್ತಕದ ತುಂಬ "ಎಲ್ಲರೂ ಸಹಕರಿಸಲು ಒಪ್ಪಿದರು" ಅಂತ ಬರೆದಿತ್ತು. ನಾನು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಮುಂದಿನ ತಿಂಗಳೊಳಗೆ ನಿಮ್ಮ ಸಂಸ್ಥೆಯಿಂದ ನೀವೇ ನಿರ್ಧಾರ ಮಾಡಿ ಕೊಡಬಲ್ಲದ್ದು ಒಂದನ್ನು ಬರೆಯಿರಿ ಅಂದೆ. ಅರ್ಧಕ್ಕರ್ಧ ಹಾಳೆ ಖಾಲಿ ಬಂದವು. ಬರೆದವರಲ್ಲೂ ಹೆಚ್ಚಿನವರು ಬರೆದಿದ್ದು "ಸಂಪೂರ್ಣ ಬೆಂಬಲ". ಮೂಲೆಯಲ್ಲಿ ಕೂತಿದ್ದ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಸಾರಿಗೆ ವಿಭಾಗದ ಎಂಜಿನಿಯರ್ ಒಬ್ಬರು ಮಾತ್ರ "ಕೊನೆಯ ಬಸ್ಸನ್ನು 9 ಗಂಟೆಯಿಂದ 10:30ಕ್ಕೆ ತಳ್ಳಬಹುದು" ಅಂತ ಬರೆದಿದ್ದರು. ಒಂದೇ ಸಾಲು. ಆ ಊರಿನ ರಂಗಮಂದಿರದವರು ಎಷ್ಟೋ ವರ್ಷದಿಂದ ನಾಟಕದ ಕೊನೆಯ ದೃಶ್ಯದ ಹೊತ್ತಿಗೆ ಜನ ಎದ್ದು ಹೋಗುವುದನ್ನು ನೋಡುತ್ತಿದ್ದರು. ಬಸ್ಸು ತಡವಾದ ಮೇಲೆ ಜನ ಕೂರಲು ಶುರು ಮಾಡಿದರು, ಕಾರಿಲ್ಲದವರೂ ಬರಲು ಶುರು ಮಾಡಿದರು. ಸುಸ್ಥಿರತೆ, ಸೃಜನಶೀಲತೆ, ಸಹಯೋಗ ಮೂರೂ ಆ ಒಂದು ಸಾಲಿನಲ್ಲಿದ್ದವು. ಅಂದಿನಿಂದ ಯಾವ ಸಮಿತಿಗೆ ಹೋದರೂ ನಾನು ಮೊದಲು ಆ ಹಾಳೆ ಹಂಚುತ್ತೇನೆ.

ಖಾಲಿ ಹಾಳೆ ಕೊಟ್ಟವರೆಲ್ಲ ಕೆಟ್ಟವರು ಅಂತಲ್ಲ. ಅವರ ಕೈ ಕಟ್ಟಿರುವ ಕಾರಣಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಸುಮ್ನೆ ಸಿಟ್ಟು ಮಾಡಿಕೊಂಡು ಸಂಬಂಧ ಕೆಡಿಸಿಕೊಳ್ಳುತ್ತೀರಿ. ಒಂದು, ಪ್ರತಿಯೊಬ್ಬರ ಗಡಿಯಾರ ಬೇರೆ. ಚುನಾಯಿತರದ್ದು ಮುಂದಿನ ಚುನಾವಣೆಯವರೆಗೆ. ಅಧಿಕಾರಿಯದ್ದು ವರ್ಗಾವಣೆಯವರೆಗೆ. ಬಿಲ್ಡರ್ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿರುತ್ತಾರೆ, ವಿಶ್ವವಿದ್ಯಾಲಯ ಪರೀಕ್ಷೆ ಮುಗಿದ ಮೇಲೆ ಎದ್ದೇಳುತ್ತದೆ, ನಿಮಗೆ ಮುಂದಿನ ಪ್ರದರ್ಶನದ ಚಿಂತೆ. ಇನ್ನೊಂದು ಕಾರಣ ಇನ್ನೂ ಗಟ್ಟಿ. ಖರ್ಚು ಒಂದು ಇಲಾಖೆಯ ಲೆಕ್ಕದಲ್ಲಿ ಬೀಳುತ್ತದೆ, ಲಾಭ ಇನ್ನೊಂದರ ಲೆಕ್ಕದಲ್ಲಿ ಕಾಣುತ್ತದೆ. ನಿಮ್ಮ ಕಾರ್ಯಾಗಾರಕ್ಕೆ ಹುಡುಗರು ಬಂದು ಸಂಜೆ ಜಗಳ ಕಡಿಮೆಯಾದರೆ ಸಂತೋಷ ಪೊಲೀಸರಿಗೆ, ಖರ್ಚು ಸಂಸ್ಕೃತಿ ವಿಭಾಗಕ್ಕೆ. ಹಳೆ ಮರದ ಹಲಗೆ ಕಸದ ಗುಂಡಿಗೆ ಹೋಗದೆ ನಿಮ್ಮ ರಂಗಸಜ್ಜಿಕೆಯಾದರೆ ಉಳಿತಾಯ ನೈರ್ಮಲ್ಯ ವಿಭಾಗದ್ದು, ಸಾಗಿಸುವ ಲಾರಿ ಬಾಡಿಗೆ ನಿಮ್ಮದು. ಈ ಗಂಟು ಬಿಚ್ಚದೆ ಎಷ್ಟು ಸಭೆ ಮಾಡಿದರೂ ಅಷ್ಟೇ.

ಬಿಚ್ಚಬಹುದು ಅನ್ನೋದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ನ್ಯೂಯಾರ್ಕಿನದು. 1978ರಲ್ಲಿ ಅಲ್ಲಿನ ಸೆಂಟ್ರಲ್ ಪಾರ್ಕ್ ಮೃಗಾಲಯಕ್ಕೆ ಪ್ರಾಣಿಗಳ ಔಷಧಿ ಇಡಲು ಒಂದು ಫ್ರಿಜ್ ಬೇಕಿತ್ತು. ನಗರದ ಸಂಸ್ಕೃತಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಕಲಾವಿದೆಯೊಬ್ಬರು, ಯಾರ ಬಳಿಯಾದರೂ ಬೇಡದ ಫ್ರಿಜ್ ಇದ್ದರೆ ಕೊಡಿ ಅಂತ ರೇಡಿಯೊದಲ್ಲಿ ಹೇಳಿಸಿದರು. ಕೊಡುತ್ತೇವೆ ಅಂತ ಮುಂದೆ ಬಂದವರನ್ನು ನೋಡಿ ಅವರಿಗೆ ಹೊಳೆಯಿತು, ಊರಿನಲ್ಲಿ ಒಂದು ಕಡೆ ಎಸೆಯುವವರಿದ್ದಾರೆ, ಇನ್ನೊಂದು ಕಡೆ ಅದೇ ವಸ್ತು ಕೊಳ್ಳಲಾಗದ ಕಲಾ ಸಂಸ್ಥೆಗಳಿವೆ. ಹೀಗೆ ಹುಟ್ಟಿದ್ದು 'ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್'. ಅಂಗಡಿ, ಕಚೇರಿ, ಕಾರ್ಖಾನೆಗಳು ಬೇಡದ ಬಟ್ಟೆ, ಬಣ್ಣ, ಕಾಗದ, ಪೀಠೋಪಕರಣ ಕೊಡುತ್ತವೆ. ಕಲಾ ಸಂಸ್ಥೆಗಳು, ಸರ್ಕಾರಿ ಶಾಲೆಗಳು ಪುಕ್ಕಟೆ ಒಯ್ಯುತ್ತವೆ. ಇದನ್ನು ನಡೆಸುವುದು ಸಂಸ್ಕೃತಿ ಇಲಾಖೆ, ಬೆನ್ನಿಗೆ ನೈರ್ಮಲ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಇವೆ. ಕಸ ಕಡಿಮೆಯಾಗುವುದರಿಂದ ಲಾಭ ಕಾಣುವ ಇಲಾಖೆಯೇ ಜೊತೆಗೆ ನಿಂತಿದೆ ನೋಡಿ. ಅದಕ್ಕೇ ಇಷ್ಟು ವರ್ಷ ಬಾಳಿದೆ.

ಸಹಯೋಗದ ಬಗ್ಗೆ ಓದಿದವರು ಇಲ್ಲಿ ತ್ರಿವಳಿ ಹೆಲಿಕ್ಸ್, ಪಂಚ ಹೆಲಿಕ್ಸ್ ಅಂತೆಲ್ಲ ಹೇಳುತ್ತಾರೆ. ಹೆಲಿಕ್ಸ್ ಅಂದರೆ ಸುರುಳಿ. 90ರ ದಶಕದಲ್ಲಿ ಎಟ್ಜ್‌ಕೋವಿಟ್ಜ್ ಮತ್ತು ಲೇಡೆಸ್‌ಡಾರ್ಫ್ ಎಂಬ ಸಂಶೋಧಕರು ಸರ್ಕಾರ, ಉದ್ಯಮ, ವಿಶ್ವವಿದ್ಯಾಲಯ ಮೂರೂ ಹಗ್ಗದ ಎಳೆಗಳ ಹಾಗೆ ಹೆಣೆದುಕೊಂಡರೆ ಹೊಸತು ಹುಟ್ಟುತ್ತದೆ ಅಂದರು. ಆಮೇಲೆ ನಾಗರಿಕ ಸಮಾಜ ನಾಲ್ಕನೆಯದಾಗಿ ಬಂತು. ಇಂಡೊನೇಷ್ಯಾದಲ್ಲಿ ಮಾಧ್ಯಮವನ್ನೂ ಸೇರಿಸಿ ಐದು ಮಾಡಿದರು. ಲೆಕ್ಕ ಎಷ್ಟಾದರೂ ಇರಲಿ, ಅದು ಮೇಜಿನ ಸುತ್ತ ಯಾರಿರಬೇಕು ಅಂತ ಹೇಳುತ್ತದೆ. ಯಾರು ಎಷ್ಟು ಬಲ ಇಟ್ಟುಕೊಂಡು ಕೂತಿದ್ದಾರೆ ಅಂತ ಹೇಳುವುದಿಲ್ಲ. ನೀವು ಆ ಮೇಜಿಗೆ ಒಬ್ಬರೇ ಹೋಗಿದ್ದೀರಿ. ಎದುರಿಗೆ ಇರುವವರೆಲ್ಲ ಸಂಸ್ಥೆಗಳು.

ಇಂಡೊನೇಷ್ಯಾದ ಬಾಂಡುಂಗ್ ಇದನ್ನು ಬೇರೆ ಥರ ಮಾಡಿತು. 2008ರಲ್ಲಿ ಅಲ್ಲಿನ ಸಂಗೀತ, ಫ್ಯಾಶನ್, ವಿನ್ಯಾಸ, ವಾಸ್ತುಶಿಲ್ಪದ ಗುಂಪುಗಳು ತಾವೇ ಕೂಡಿ ಬಾಂಡುಂಗ್ ಕ್ರಿಯೇಟಿವ್ ಸಿಟಿ ಫೋರಂ ಕಟ್ಟಿಕೊಂಡವು. ಬಡಾವಣೆಗಳಲ್ಲಿ ಹಬ್ಬ ಮಾಡಿದರು, ಸಣ್ಣ ಸಣ್ಣ ಪ್ರಯೋಗ ಮಾಡಿದರು. ಅದರ ಮುಂದಾಳಾಗಿದ್ದ ವಾಸ್ತುಶಿಲ್ಪಿ ರಿದ್ವಾನ್ ಕಾಮಿಲ್ 2013ರಲ್ಲಿ ಊರಿನ ಮೇಯರ್ ಆದರು, 2015ರಲ್ಲಿ ವಿನ್ಯಾಸ ನಗರ ಎಂಬ ಯುನೆಸ್ಕೊ ಮಾನ್ಯತೆ ಬಂತು. ಅನುಕ್ರಮ ಗಮನಿಸಿ. ಒಕ್ಕೂಟ ಮೊದಲು, ಮಾನ್ಯತೆ ಕೊನೆಗೆ. ನಿಮ್ಮಲ್ಲಿ ಲಾಂಛನ ಮೊದಲು ಬಂದಿದೆ. ನಿಮ್ಮ 30 ಜನ, ಊರಿನ ಬೇರೆ ಗುಂಪುಗಳು, ಗಿರಣಿಯ ಸುತ್ತ ಇರುವ ನಿವಾಸಿಗಳು, ಸಾಧ್ಯವಾದರೆ ಗಿರಣಿಯ ಹಳೆಯ ಕಾರ್ಮಿಕರು ಸೇರಿ ಒಂದು ನೋಂದಾಯಿತ ಒಕ್ಕೂಟ ಮಾಡಿಕೊಳ್ಳಿ. ವ್ಯಕ್ತಿಯಾಗಿ ಸಹಿ ಹಾಕಿದರೆ ನಾಳೆ ನಿಮ್ಮನ್ನು ಬದಲಿಸಿ ಇನ್ನೊಬ್ಬರನ್ನು ಕೂರಿಸುವುದು ಸುಲಭ.

ಈಗ ನಿಮ್ಮ ದೊಡ್ಡ ಭಯಕ್ಕೆ ಬರೋಣ. ಕಲಾವಿದರು ಬಂದ ಕಡೆ ಬಾಡಿಗೆ ಏರಿ ಅವರೇ ಹೊರಗೆ ಹೋಗಬೇಕಾಗುತ್ತದಾ? ಎಲ್ಲ ಕಡೆ ಆಗಲೇಬೇಕು ಅಂತ ನಿಯಮವೇನೂ ಇಲ್ಲ. ಆದರೆ ತಡೆಯಲು ಯಾರೂ ಏನೂ ಮಾಡದಿದ್ದರೆ ಆಗುವುದು ಅದೇ. ನ್ಯೂಯಾರ್ಕಿನ ಸೋಹೊ ಇದರ ಹಳೆಯ ಪಾಠ. ಕಾರ್ಖಾನೆಗಳು ಬಿಟ್ಟುಹೋದ ಮಹಡಿಗಳಲ್ಲಿ ಕಲಾವಿದರು ಕಾನೂನಿಗೆ ಹೊರತಾಗಿಯೇ ವಾಸ ಮಾಡುತ್ತಿದ್ದರು. 1971ರಲ್ಲಿ ನಗರ ನಿಯಮ ಬದಲಿಸಿ, ಪ್ರಮಾಣಪತ್ರ ಪಡೆದ ಕಲಾವಿದರು ಅಲ್ಲಿ ಇದ್ದುಕೊಂಡೇ ಕೆಲಸ ಮಾಡಬಹುದು ಅಂತ ಒಪ್ಪಿತು. ಕಲಾವಿದರಿಗಾಗಿಯೇ ಮಾಡಿದ ನಿಯಮ ಅದು. ಆದರೂ ಸ್ವಲ್ಪ ವರ್ಷಗಳಲ್ಲಿ ಆ ಮಹಡಿಗಳು ಶ್ರೀಮಂತರ ಮನೆ, ದುಬಾರಿ ಅಂಗಡಿ ಆದವು. ಇರಲು ಅನುಮತಿ ಸಿಕ್ಕಿತ್ತು, ಬೆಲೆಗೆ ಕಡಿವಾಣ ಇರಲಿಲ್ಲ. ಸೃಜನಶೀಲ ವರ್ಗ, ಅಂದರೆ ಕಲಾವಿದರು, ವಿನ್ಯಾಸಕಾರರು, ತಂತ್ರಜ್ಞರಂಥವರು ಬಂದರೆ ಊರು ಬೆಳೆಯುತ್ತದೆ ಅಂತ 2002ರಲ್ಲಿ ಜೋರಾಗಿ ವಾದ ಮಾಡಿದ ನಗರ ಅಧ್ಯಯನಕಾರ ರಿಚರ್ಡ್ ಫ್ಲೋರಿಡಾ ಅವರೇ 2017ರ ಹೊತ್ತಿಗೆ ಇಂಥ ನಗರಗಳಲ್ಲಿ ಅಸಮಾನತೆ, ಮನೆ ಬೆಲೆ ಹೇಗೆ ಹದಗೆಟ್ಟಿದೆ ಅಂತ ಬರೆಯಬೇಕಾಯಿತು.

ಇದರಲ್ಲಿ ಕಲಾವಿದರ ತಪ್ಪು ಎಷ್ಟು ಅಂತ ಕೆಲವರು ಕೇಳುತ್ತಾರೆ. ಆ ಮಾತಿಗೆ ಕಿವಿಗೊಡಬೇಡಿ. ಜಾಗದ ಬೆಲೆ ಏರುವುದು ಬಳಕೆಯ ನಿಯಮ ಬದಲಾದಾಗ, ಹೊಸ ರಸ್ತೆ ಮೆಟ್ರೊ ಬಂದಾಗ, ಸಾಲ ಅಗ್ಗವಾದಾಗ. ಒಂದು ರೀತಿಯ ಬೆಳಕು ನೀವು ಹಚ್ಚುತ್ತೀರಿ ನಿಜ, ಆದರೆ ಬೆಲೆ ಏರಿಕೆಯ ಲಾಭ ಯಾರ ಕೈಗೆ ಹೋಗಬೇಕು ಅಂತ ತೀರ್ಮಾನ ಮಾಡುವ ಅಧಿಕಾರ ನಗರಾಡಳಿತದ್ದು. ನಿಮ್ಮ ಗಿರಣಿಯ ಜಾಗ ಈಗ ಕೈಗಾರಿಕಾ ಬಳಕೆಯಲ್ಲಿದ್ದು ಅದನ್ನು ವಾಣಿಜ್ಯಕ್ಕೋ ವಸತಿಗೋ ಬದಲಿಸುವ ಪ್ರಸ್ತಾಪ ಇದೆಯಾ? ಇವತ್ತೇ ವಿಚಾರಿಸಿ. ಇದ್ದರೆ, ನಿಮ್ಮ ಕಡೆಯ ಅತಿ ದೊಡ್ಡ ಚೌಕಾಸಿಯ ಹೊತ್ತು ಆ ಬದಲಾವಣೆಗೆ ಮುಂಚಿನ ಈ ಕೆಲವು ತಿಂಗಳುಗಳೇ. ಬದಲಾವಣೆ ಮಂಜೂರಾದ ಮೇಲೆ ಯಾರೂ ನಿಮ್ಮನ್ನು ಸಭೆಗೆ ಕರೆಯುವುದಿಲ್ಲ.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. ಪತ್ರಕ್ಕೆ ಹೀಗೇ ಸಹಿ ಹಾಕುವುದು ಒಂದು. 3 ವರ್ಷ ನೆಮ್ಮದಿ, ಆಮೇಲೆ ಏನೂ ಇಲ್ಲ. "ಪರಸ್ಪರ ಒಪ್ಪಿಗೆಯಂತೆ" ಅಂದರೆ ಒಬ್ಬರು ಒಪ್ಪದಿದ್ದರೆ ಮುಗಿಯಿತು ಅಂತ ಅರ್ಥ. ಒಡಂಬಡಿಕೆ ಪತ್ರ ಸಾಮಾನ್ಯವಾಗಿ ಸದಾಶಯದ ಕಾಗದ, ನ್ಯಾಯಾಲಯದಲ್ಲಿ ನಿಲ್ಲುವಂಥದ್ದಲ್ಲ. ಎದ್ದು ಹೋಗುವುದು ಇನ್ನೊಂದು. ಬೇರೆ ಜಾಗ ಸಿದ್ಧವಿದ್ದರೆ ಅದೂ ಮರ್ಯಾದೆಯ ದಾರಿಯೇ. ಆದರೆ 8 ವರ್ಷದ ಅಕ್ಕಪಕ್ಕದ ನಂಟು ಬಿಟ್ಟುಹೋಗುತ್ತದೆ, ಎರಡನೇ ಸಲ ಕಟ್ಟುವ ಶಕ್ತಿ 30 ಜನರಲ್ಲಿ ಎಲ್ಲರಿಗೂ ಇರುವುದಿಲ್ಲ.

ಮೂರನೆಯದು, ನಾನು ನಿಮಗೆ ಹೇಳುವ ದಾರಿ, ದೀರ್ಘ ಅವಧಿಯ ನೋಂದಾಯಿತ ಗುತ್ತಿಗೆ. 3 ವರ್ಷ ಪುಕ್ಕಟೆಗಿಂತ 20 ವರ್ಷ ಕೈಗೆಟಕುವ ಬಾಡಿಗೆ ಎಷ್ಟೋ ಮೇಲು. ಬಾಡಿಗೆ ಯಾವ ಲೆಕ್ಕದ ಮೇಲೆ ಏರಬೇಕು ಅಂತ ಈಗಲೇ ಬರೆಸಿ. ಜಾಗ ಮಾರಾಟವಾದರೂ ಗುತ್ತಿಗೆ ಹೊಸ ಮಾಲೀಕರಿಗೂ ಅನ್ವಯಿಸಬೇಕು ಅಂತ ಬರೆಸಿ. ಈ ಎರಡನೆಯದನ್ನು ಜನ ಮರೆಯುತ್ತಾರೆ. ಒಳ್ಳೆಯ ಮನಸ್ಸಿನ ಮಾಲೀಕರು ಕಷ್ಟಕ್ಕೆ ಸಿಕ್ಕಿ ಜಾಗ ಮಾರಿದಾಗ, ಅವರ ಮಾತನ್ನು ನಂಬಿ ನೆಲ, ತಂತಿ, ಧ್ವನಿ ತಡೆಗೆಲ್ಲ ಹಣ ಹಾಕಿದ್ದ ಗುಂಪು ಕೈಚೆಲ್ಲಿ ನಿಂತಿದ್ದನ್ನು ನಾನು ನೋಡಿದ್ದೇನೆ. ಬಿಲ್ಡರ್ ಇದಕ್ಕೆ ಯಾಕೆ ಒಪ್ಪುತ್ತಾರೆ ಅಂದರೆ, ಅವರಿಗೆ ನಗರಾಡಳಿತದಿಂದ ಬೇಕಾದದ್ದು ಇದೆ. ಹೆಚ್ಚುವರಿ ಮಹಡಿಯೋ, ಬಳಕೆ ಬದಲಾವಣೆಯೋ. ನಗರಾಡಳಿತ ಅದನ್ನು ಕೊಡುವಾಗ ನಿಮ್ಮ ಗುತ್ತಿಗೆಯನ್ನು ಷರತ್ತಾಗಿ ಹಾಕಬೇಕು. ಮೂರು ಕಡೆಯವರೂ ಒಂದೊಂದು ಬಿಟ್ಟುಕೊಟ್ಟ ಹಾಗಾಯಿತು.

ನಾಲ್ಕನೆಯದು ನೆಲವನ್ನೇ ಮಾರುಕಟ್ಟೆಯಿಂದ ಹೊರಗೆ ತೆಗೆಯುವುದು. ಬರ್ಲಿನ್ನಿನ ವೆಡ್ಡಿಂಗ್ ಬಡಾವಣೆಯಲ್ಲಿ ರೋಟಾಪ್ರಿಂಟ್ ಎಂಬ ಮುದ್ರಣ ಯಂತ್ರಗಳ ಹಳೆಯ ಕಾರ್ಖಾನೆ ಇದೆ. 2007ರಲ್ಲಿ ಅಲ್ಲಿನ ಬಾಡಿಗೆದಾರರೇ ಎಕ್ಸ್‌ರೋಟಾಪ್ರಿಂಟ್ ಅನ್ನೋ ಲಾಭರಹಿತ ಕಂಪನಿ ಮಾಡಿಕೊಂಡರು. ನೆಲವನ್ನು ಎರಡು ಪ್ರತಿಷ್ಠಾನಗಳು ಕೊಂಡವು, ಕಟ್ಟಡದ ಹಕ್ಕು 99 ವರ್ಷಕ್ಕೆ ಬಾಡಿಗೆದಾರರ ಕಂಪನಿಗೆ. ನೆಲ ಲಾಭಕ್ಕಾಗಿ ಮತ್ತೆ ಮಾರಾಟವಾಗುವ ಹಾಗಿಲ್ಲ. ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಜಾಗ ಹಂಚಿದ ರೀತಿ. ಮೂರನೇ ಒಂದು ಭಾಗ ಸಣ್ಣ ಉದ್ದಿಮೆಗಳಿಗೆ, ಮೂರನೇ ಒಂದು ಕಲೆಗೆ, ಇನ್ನೊಂದು ಸಾಮಾಜಿಕ ಕೆಲಸಕ್ಕೆ. ಬಡಗಿ, ಚಿತ್ರಕಾರ, ಭಾಷೆ ಕಲಿಸುವವರು ಒಂದೇ ಅಂಗಳದಲ್ಲಿ. ಬೇರೆ ಬೇರೆ ವಲಯಗಳು ಕೂಡಿ ಬದುಕುವುದು ಅಂದರೆ ನನ್ನ ಕಣ್ಣಿಗೆ ಬರುವ ಚಿತ್ರ ಅದೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2013ರಲ್ಲಿ ಶುರುವಾದ ಕಾಸ್ಟ್ ಎಂಬ ಟ್ರಸ್ಟ್ ಬೇರೆ ದಾರಿ ಹಿಡಿಯಿತು. ಒಂದು ಪ್ರತಿಷ್ಠಾನ ಕೊಟ್ಟ 50 ಲಕ್ಷ ಡಾಲರ್ ಇಟ್ಟುಕೊಂಡು ಕಟ್ಟಡ ಕೊಂಡಿತು, ಕಲಾ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು, ಸಂಸ್ಥೆ ಹಣ ಕೂಡಿಸುವವರೆಗೆ ಕಾದು ಅವರಿಗೇ ಮಾರುವ ಏರ್ಪಾಡು ಮಾಡಿತು. ಕೌಂಟರ್‌ಪಲ್ಸ್ ಎಂಬ ನೃತ್ಯ ರಂಗಮಂದಿರ ಹೀಗೆ 2023ರಲ್ಲಿ ತನ್ನ ಕಟ್ಟಡದ ಒಡೆಯನಾಯಿತು.

ಒಡೆತನ ಅಂದ ತಕ್ಷಣ ಕಷ್ಟ ಮುಗಿಯಿತು ಅಂದುಕೊಳ್ಳಬೇಡಿ. ಟೊರೊಂಟೊದಲ್ಲಿ ಆರ್ಟ್‌ಸ್ಕೇಪ್ ಎಂಬ ಸಂಸ್ಥೆ 1986ರಿಂದ ಕಲಾವಿದರಿಗೆ ಜಾಗ ಮಾಡಿಕೊಡುತ್ತಿತ್ತು. ಜಗತ್ತಿನ ಎಷ್ಟೋ ನಗರಗಳು ಅದನ್ನು ನೋಡಿ ಕಲಿತವು. 2018ರಲ್ಲಿ ಅದು ದೊಡ್ಡದೊಂದು ಹೊಸ ಕೇಂದ್ರ ತೆರೆಯಿತು. ಅದರ ಸಾಲ ಹೊರಲಾಗದೆ 2023ರಲ್ಲಿ ಸಂಸ್ಥೆಯೇ ಕುಸಿಯಿತು. ಅಷ್ಟು ಅನುಭವ ಇದ್ದವರಿಗೇ ಹೀಗಾಯಿತು ಅಂದರೆ ನಮ್ಮಂಥವರು ಎಷ್ಟು ಎಚ್ಚರ ಇರಬೇಕು. ಕಟ್ಟಡ ಕೊಳ್ಳುವುದು ಒಂದು ಖರ್ಚು, ಅದನ್ನು ಪ್ರತಿ ವರ್ಷ ನಡೆಸುವುದು ಇನ್ನೊಂದು. ಛಾವಣಿ, ಲಿಫ್ಟ್, ವಿಮೆ, ಕಾವಲುಗಾರ, ಖಾಲಿ ಬಿದ್ದ ಕೋಣೆ. ಈ ಎರಡನೇ ಲೆಕ್ಕ ಬರೆಯದೆ ನೆಲದ ಕನಸು ಕಾಣಬೇಡಿ.

"ಸುಸ್ಥಿರ" ಅನ್ನೋ ಪದದ ಬಗ್ಗೆ ಒಂದು ಮಾತು. ಸಮಿತಿಗಳಲ್ಲಿ ಇದು ಸೋಲಾರ್ ಫಲಕ, ಗಿಡ ನೆಡುವುದಕ್ಕೆ ಬಂದು ನಿಲ್ಲುತ್ತದೆ. ಜಗತ್ತಿನಲ್ಲಿ ಇಂಧನ ಬಳಕೆ ಮತ್ತು ಕೈಗಾರಿಕಾ ಪ್ರಕ್ರಿಯೆಗಳಿಂದ ಹೊರಬೀಳುವ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಭಾಗ ಕಟ್ಟಡಗಳು ಮತ್ತು ನಿರ್ಮಾಣದ ಪಾಲು ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗ ಹೇಳುತ್ತದೆ. ಸಿಮೆಂಟು, ಉಕ್ಕು, ಇಟ್ಟಿಗೆ ಮಾಡುವಾಗಲೇ ಅದರಲ್ಲಿ ಗಣನೀಯ ಪಾಲು ಹೊರಬಿದ್ದಿರುತ್ತದೆ. ಹಾಗಾಗಿ ನಿಮ್ಮ ಹಳೆ ಶೆಡ್ಡುಗಳನ್ನು ಕೆಡವದೆ ಬಳಸುವುದೇ ಆ ಜಾಗದಲ್ಲಿ ಮಾಡಬಹುದಾದ ದೊಡ್ಡ ಪರಿಸರದ ಕೆಲಸ. ಇದನ್ನು ಸಭೆಯಲ್ಲಿ ಹೇಳಿ. ವಿಶ್ವವಿದ್ಯಾಲಯದವರ ಖಾಲಿ ಹಾಳೆ ತುಂಬಲೂ ಇದು ದಾರಿ. ಅವರ ಸಿವಿಲ್ ವಿಭಾಗ ಒಂದು ಸೆಮಿಸ್ಟರ್‌ನಲ್ಲಿ ನಿಮ್ಮ ಕಟ್ಟಡದ ಗಟ್ಟಿತನ ಅಳೆದು, ಕೆಡವಿ ಕಟ್ಟಿದರೆ ಎಷ್ಟು, ಉಳಿಸಿಕೊಂಡರೆ ಎಷ್ಟು ಅಂತ ಲೆಕ್ಕ ಕೊಡಲಿ. ಹಳೆ ಕಾರ್ಖಾನೆ ಅಂದಮೇಲೆ ಕಲ್ನಾರಿನ ತಗಡು, ಸೀಸದ ಬಣ್ಣ, ನೆಲಕ್ಕೆ ಇಳಿದ ರಾಸಾಯನಿಕ ಇದೆಯಾ ಅಂತಲೂ ನೋಡಿಸಬೇಕು. ಈ ಶುದ್ಧೀಕರಣದ ಖರ್ಚು ಯಾರದು ಅಂತ ಪತ್ರದಲ್ಲಿ ಇಲ್ಲದಿದ್ದರೆ, ಅದು ಕೊನೆಗೆ ನಿಮ್ಮ ಆರೋಗ್ಯದ ಮೇಲೆ ಬೀಳುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದನ್ನು ನಾನೇ ಎತ್ತುತ್ತೇನೆ, ಯಾಕೆಂದರೆ ಇದಕ್ಕೆ ಪ್ರಾಣ ಹೋಗಿವೆ. 2016ರ ಡಿಸೆಂಬರ್ 2ರಂದು ಅಮೆರಿಕದ ಓಕ್ಲೆಂಡ್‌ನಲ್ಲಿ ಘೋಸ್ಟ್ ಶಿಪ್ ಅನ್ನೋ ಗೋದಾಮಿಗೆ ಬೆಂಕಿ ಬಿತ್ತು. ಅದು ನಿಮ್ಮಂಥದ್ದೇ ಕಲಾವಿದರ ತಾಣ, ಆ ರಾತ್ರಿ ಒಳಗೆ ಸಂಗೀತ ಕಾರ್ಯಕ್ರಮ ಇತ್ತು. 36 ಜನ ಸತ್ತರು. ಮರ, ಬಟ್ಟೆ, ಹಳೆ ಪೀಠೋಪಕರಣ ತುಂಬಿದ್ದ ಒಳಾಂಗಣ, ಸರಿಯಾದ ಹೊರದಾರಿ ಇಲ್ಲ. ಅದಾದ ಮೇಲೆ ಹಲವು ಊರುಗಳಲ್ಲಿ ಇಂಥ ಜಾಗಗಳನ್ನು ಹುಡುಕಿ ಹುಡುಕಿ ಮುಚ್ಚಿಸಿದರು. ನಿಮ್ಮ ಸಮಿತಿಯಲ್ಲಿ ಅಗ್ನಿಶಾಮಕ ವಿಭಾಗದವರು ಇಲ್ಲ. ತಪಾಸಣೆಗೆ ಬಂದರೆ ಬೀಗ ಹಾಕುತ್ತಾರೆ ಅಂತ ಹೆದರಿ ಕಲಾವಿದರು ಅವರನ್ನು ದೂರ ಇಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೂ ಕರೆಯಿರಿ. ಸರಿಪಡಿಸಲು ಕಾಲಾವಕಾಶ ಕೊಟ್ಟು ತಪಾಸಣೆ ಮಾಡುವ ಏರ್ಪಾಡನ್ನು ನಗರಾಡಳಿತದಿಂದ ಬರೆಸಿಕೊಂಡು ಕರೆಯಿರಿ. ಗುತ್ತಿಗೆಯ ಮಾತು ಮುಗಿಯುವವರೆಗೆ ಕಾಯಬೇಡಿ. ಎರಡನೇ ಹೊರಬಾಗಿಲು, ತುರ್ತು ದೀಪ, ತಂತಿಗಳ ಪರೀಕ್ಷೆ ಈ ವಾರವೇ ಶುರುವಾಗಲಿ.

ಸದ್ದಿನ ವಿಷಯವೂ ಹೀಗೆಯೇ, ಇವತ್ತು ಸಣ್ಣದು, ನಾಳೆ ನಿಮ್ಮನ್ನು ಎಬ್ಬಿಸುವಷ್ಟು ದೊಡ್ಡದು. ಪಕ್ಕದಲ್ಲಿ ಹೊಸ ಮನೆಗಳು ಬರುತ್ತವೆ, ಬಂದವರು ನಿಮ್ಮ ತಾಲೀಮಿನ ಗಲಾಟೆ ಅಂತ ದೂರು ಕೊಡುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಇದಕ್ಕೆ ಒಂದು ನ್ಯಾಯವಾದ ನಿಯಮ ತಂದವು. ಹೊಸದಾಗಿ ಬಂದು ಬದಲಾವಣೆ ತರುವವರೇ ಸದ್ದು ತಡೆಯುವ ಖರ್ಚು ಹೊರಬೇಕು. ಸಂಗೀತದ ಜಾಗ ಮೊದಲಿದ್ದರೆ, ಮನೆ ಕಟ್ಟುವ ಬಿಲ್ಡರ್ ಗೋಡೆ ಕಿಟಕಿ ಗಟ್ಟಿ ಮಾಡಬೇಕು. ನಿಮ್ಮಲ್ಲಿ ಇಂಥ ನಿಯಮ ಇಲ್ಲದಿದ್ದರೂ ಗುತ್ತಿಗೆಯ ಕರಾರಿನಲ್ಲಿ ಬರೆಸಬಹುದು.

ಇಷ್ಟೆಲ್ಲ ಆದರೂ ಜಾಗ ನಡೆಸುವವರು ಯಾರು ಅನ್ನೋದು ಉಳಿಯುತ್ತದೆ. ಜಪಾನಿನ ಕನಾಜಾವಾದಲ್ಲಿ ಹಳೆ ನೂಲಿನ ಗಿರಣಿಯ ಇಟ್ಟಿಗೆ ಗೋದಾಮುಗಳನ್ನು ನಗರಾಡಳಿತ 1996ರಲ್ಲಿ ನಾಗರಿಕರ ಕಲಾಗ್ರಾಮ ಮಾಡಿತು. ನಿಮ್ಮದೂ ನೂಲಿನ ಗಿರಣಿಯೇ, ಅದಕ್ಕೇ ನೆನಪಾಯಿತು. ಅದು ದಿನದ 24 ಗಂಟೆಯೂ, ವರ್ಷಪೂರ್ತಿ ತೆರೆದಿರುತ್ತದೆ. ನಾಟಕ, ಸಂಗೀತ, ಚಿತ್ರಕಲೆಯ ವಿಭಾಗಗಳನ್ನು ನಾಗರಿಕರಿಂದಲೇ ಆಯ್ದ ನಿರ್ದೇಶಕರು ನೋಡಿಕೊಳ್ಳುತ್ತಾರೆ. ಕಟ್ಟಡ ಸರ್ಕಾರದ್ದು, ಬೀಗದ ಕೈ ಬಳಸುವವರದ್ದು. ಬೇರೆ ಇಲಾಖೆಗಳಿಗೂ ನಿಮಗೂ ನಡುವೆ ಓಡಾಡುವ, ಸಂಬಳ ಪಡೆಯುವ ಒಬ್ಬ ಸಂಯೋಜಕರನ್ನೂ ಕೇಳಿ. ಎಲ್ಲರ ಬಿಡುವಿನ ಹೊತ್ತಿನಲ್ಲಿ ನಡೆಯುವ ಸಹಯೋಗ, ಬಿಡುವು ಮುಗಿದಾಗ ನಿಲ್ಲುತ್ತದೆ. ನಿಮ್ಮ 14 ತಿಂಗಳಿಗೆ 6 ಸಭೆ ಅನ್ನೋ ಲೆಕ್ಕದ ಹಿಂದೆ ಇದೇ ಇರಬಹುದು.

ಮುಂದಿನ ಸಭೆಗೆ ನೀವು ಒಬ್ಬರೇ ಹೋಗಬೇಡಿ. ಗುತ್ತಿಗೆ ಕಾನೂನು ಬಲ್ಲ ವಕೀಲರೊಬ್ಬರು, ಒಕ್ಕೂಟದಿಂದ ಇನ್ನೊಬ್ಬರು ಜೊತೆಗಿರಲಿ. ಪತ್ರಕ್ಕೆ ಇಲ್ಲ ಅನ್ನಬೇಡಿ, "ಇದರ ಜೊತೆ ಒಂದು ಅನುಬಂಧ ಬೇಕು" ಅನ್ನಿ. ಆ ಅನುಬಂಧ ಒಂದೇ ಪುಟ ಇರಲಿ. ಎಡಗಡೆ ಸಂಸ್ಥೆಗಳ ಹೆಸರು, ಬಲಗಡೆ ಪ್ರತಿಯೊಬ್ಬರು ಕೊಡುವುದು ಏನು, ಯಾವ ತಾರೀಕಿನೊಳಗೆ, ಸಹಿ ಯಾರದು. ನಿಮ್ಮ ಸಾಲನ್ನು ನೀವೇ ಮೊದಲು ತುಂಬಿಕೊಂಡು ಹೋಗಿ. ವಾರಕ್ಕೆ ಎರಡು ಸಂಜೆ ಶಾಲೆ ಮಕ್ಕಳಿಗೆ ಕಾರ್ಯಾಗಾರ ಅಂತಲೋ, ನಿವಾಸಿಗಳ ಸಭೆಗೆ ಶೆಡ್ ಪುಕ್ಕಟೆ ಅಂತಲೋ. ಹಾಳೆ ಸುತ್ತಿ ಬರಲಿ. ಯಾರ ಸಾಲು ಖಾಲಿ ಉಳಿಯುತ್ತದೋ ಅವರ ಹತ್ತಿರ ಸಭೆ ಮುಗಿದ ಮೇಲೆ ಪ್ರತ್ಯೇಕ ಹೋಗಿ ಕೂತು, ಏನು ಅಡ್ಡಿ ಅಂತ ಕೇಳಿ. ಆ ಹಾಳೆ ತುಂಬಿ ಬಂದರೆ ನನಗೆ ಕಳಿಸಿ, ಗುತ್ತಿಗೆಯ ಕರಡನ್ನೂ ಕಳಿಸಿ. ಸಾಲು ಸಾಲಾಗಿ ಓದಿ ಹೇಳುತ್ತೇನೆ.